ಗೊತ್ತಿಲ್ಲದ ಪ್ರಶ್ನೆಗೆ ಬಬಲ್ ತುಂಬಬೇಕಾ, ಬಿಡಬೇಕಾ?

ಸಿಇಟಿ, ನೀಟ್, ಕೆಎಎಸ್, ಯುಪಿಎಸ್‌ಸಿ ಯಾವುದಕ್ಕೆ ಓದುತ್ತಿದ್ದರೂ ಎರಡು ಸಲಹೆಗಳು ನಿಮ್ಮ ಕಿವಿಗೆ ಬಿದ್ದೇ ಇರುತ್ತವೆ. ಒಂದು, 'ಗೊತ್ತಿಲ್ಲ ಅಂದ್ರೆ ಕಣ್ಣು ಮುಚ್ಚಿ ಸಿ ಹಾಕು'. ಇನ್ನೊಂದು, 'ನೆಗೆಟಿವ್ ಮಾರ್ಕ್ಸ್ ಇದ್ದರೆ ಗೊತ್ತಿಲ್ಲದ್ದನ್ನು ಮುಟ್ಟಲೇಬೇಡ'. ಮೊದಲನೆಯದು ಸುಮ್ನೆ ನಂಬಿಕೆ. ಎರಡನೆಯದು ಕೇಳಲು ಜವಾಬ್ದಾರಿಯ ಮಾತಿನ ಹಾಗಿದೆ, ಆದರೆ ಪೆನ್ನು ಹಿಡಿದು ಲೆಕ್ಕ ಹಾಕಿದರೆ ಅದೂ ನಿಲ್ಲುವುದಿಲ್ಲ.

ಲೆಕ್ಕದಿಂದಲೇ ಶುರು ಮಾಡೋಣ. ಯಾಕೆಂದರೆ ಒಂದೊಂದು ಪರೀಕ್ಷೆಯ ಅಂಕದ ನಿಯಮ ಒಂದೊಂದು ಥರ, ಒಂದಕ್ಕೆ ಸರಿಯಾದ ಸಲಹೆ ಇನ್ನೊಂದಕ್ಕೆ ತಪ್ಪಾಗುತ್ತದೆ.

ನಮ್ಮ ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ ಏನೂ ಕಡಿತ ಇಲ್ಲ. ಇಲ್ಲಿ ಯೋಚಿಸುವುದಕ್ಕೇ ಏನೂ ಇಲ್ಲ: ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಹೀಗಿದ್ದೂ ನಾಲ್ಕೈದು ಸಾಲು ಖಾಲಿ ಬಿಟ್ಟು ಬರುವವರಿದ್ದಾರೆ, ಹೆಚ್ಚಾಗಿ ಸಮಯ ಸಾಲದೆ. ಕೊನೆಯ ಎರಡು ನಿಮಿಷವನ್ನು ಅದಕ್ಕೇ ಎತ್ತಿಡಿ.

ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಸರಿಗೆ 4, ತಪ್ಪಿಗೆ 1 ಕಡಿತ. ಏನೇನೂ ಗೊತ್ತಿಲ್ಲದೆ ನಾಲ್ಕು ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದಿರಿ ಎಂದುಕೊಳ್ಳಿ. ಸರಾಸರಿಯಲ್ಲಿ ಒಂದು ಸರಿ ಬೀಳುತ್ತದೆ, ಮೂರು ತಪ್ಪು. ಬಂದಿದ್ದು 4, ಹೋಗಿದ್ದು 3. ಕೈಯಲ್ಲಿ 1 ಉಳಿಯಿತು. ಅಂದರೆ ನೀಟ್‌ನಲ್ಲಿ ಕುರುಡು ಊಹೆ ಕೂಡ ಸರಾಸರಿಯಲ್ಲಿ ನಷ್ಟ ಅಲ್ಲ. ಇದನ್ನು ಹೇಳಿದರೆ ತುಂಬಾ ಜನ ನಂಬುವುದಿಲ್ಲ.

ಯುಪಿಎಸ್‌ಸಿ ಪ್ರಿಲಿಮ್ಸ್ ಸಾಮಾನ್ಯ ಅಧ್ಯಯನದ ಪತ್ರಿಕೆ ಸ್ವಲ್ಪ ಬಿಗಿ. 100 ಪ್ರಶ್ನೆ, ಒಂದಕ್ಕೆ 2 ಅಂಕ, ತಪ್ಪಾದರೆ ಅದರ ಮೂರನೇ ಒಂದು ಭಾಗ ಕಡಿತ. ಅದೇ ನಾಲ್ಕು ಕುರುಡು ಊಹೆ ಇಲ್ಲಿ ಹಾಕಿದರೆ ಒಂದು ಸರಿಗೆ 2 ಬಂತು, ಮೂರು ತಪ್ಪಿಗೆ ಹೆಚ್ಚುಕಮ್ಮಿ 2 ಹೋಯಿತು. ಲೆಕ್ಕ ಸೊನ್ನೆಗೆ ಸೊನ್ನೆ. ನಾಲ್ಕು ಆಯ್ಕೆಗೆ ಮೂರನೇ ಒಂದು ಕಡಿತ ಅಂದರೆ ಕುರುಡು ಊಹೆಯಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ ಅಂತಲೇ ಅರ್ಥ. ಅಮೆರಿಕದ ಸ್ಯಾಟ್ ಪರೀಕ್ಷೆಯಲ್ಲೂ ಹಿಂದೆ ಹೀಗೇ ಇತ್ತು, ಐದು ಆಯ್ಕೆ, ತಪ್ಪಿಗೆ ಕಾಲು ಅಂಕ. 2016ರಲ್ಲಿ ಆ ಕಡಿತವನ್ನು ತೆಗೆದೇ ಹಾಕಿದರು.

ಈಗ ಒಂದೇ ಒಂದು ಆಯ್ಕೆಯನ್ನು 'ಇದಂತೂ ಅಲ್ಲ' ಎಂದು ಖಚಿತವಾಗಿ ಹೊಡೆದು ಹಾಕಿದಿರಿ ಅನ್ನಿ. ಯುಪಿಎಸ್‌ಸಿಯಲ್ಲಿ ಸಹ ಲೆಕ್ಕ ತಕ್ಷಣ ನಿಮ್ಮ ಕಡೆ ವಾಲುತ್ತದೆ: ಇಂಥ ಮೂರು ಪ್ರಶ್ನೆಗೆ ಸುಮಾರು 0.67 ಅಂಕ ಲಾಭ. ಎರಡು ಆಯ್ಕೆ ಹೋದರೆ, ಎರಡೇ ಪ್ರಶ್ನೆಗೆ ಸುಮಾರು 1.33. ನೀಟ್‌ನಲ್ಲಿ ಎರಡು ಉಳಿದಾಗ ಎರಡು ಪ್ರಶ್ನೆಗೆ 3 ಅಂಕ.

ಸರಾಸರಿ ಅನ್ನೋದು ಸರಾಸರಿ ಅಷ್ಟೇ, ನನ್ನ ಪರೀಕ್ಷೆ ಒಂದೇ ಸಲ ಅಲ್ವಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನೀಟ್‌ನಲ್ಲಿ ಹತ್ತು ಪ್ರಶ್ನೆಗೆ ಕುರುಡಾಗಿ ಊಹಿಸಿದರೆ ಒಟ್ಟಾರೆ ಅಂಕ ಕಳೆದುಕೊಳ್ಳುವ ಸಂಭವ ಸುಮಾರು ಶೇ 24. ಏನೂ ಬದಲಾಗದೆ ಇರುವ ಸಂಭವ ಶೇ 28. ಲಾಭ ಆಗುವ ಸಂಭವ ಶೇ 47ರ ಆಸುಪಾಸು. ಅದೇ ಹತ್ತು ಪ್ರಶ್ನೆಗಳಲ್ಲಿ ಪ್ರತಿಯೊಂದಕ್ಕೂ ಎರಡೆರಡು ಆಯ್ಕೆಗಳನ್ನು ಸರಿಯಾಗಿ ಹೊಡೆದು ಹಾಕಿ, ಉಳಿದ ಎರಡರಲ್ಲಿ ನಾಣ್ಯ ಚಿಮ್ಮಿ ಹಾಕಿದರೂ ನಷ್ಟದ ಸಂಭವ ಸುಮಾರು ಶೇ 1ಕ್ಕೆ ಇಳಿಯುತ್ತದೆ, ಸರಾಸರಿ 15 ಅಂಕ ಬರುತ್ತದೆ. ನೀಟ್‌ನಲ್ಲಿ 15 ಅಂಕ ರ‍್ಯಾಂಕನ್ನು ಎಲ್ಲಿಂದ ಎಲ್ಲಿಗೆ ಒಯ್ಯುತ್ತದೆ ಅಂತ ಸೀಟಿಗೆ ಕಾದು ಕೂತವರನ್ನು ಕೇಳಿ.

ಹಾಗಾದರೆ ಎಲ್ಲವನ್ನೂ ತುಂಬಿ ಬಂದುಬಿಡೋದಾ? ಇಲ್ಲಿ ಒಂದು ಕೊಕ್ಕೆ ಇದೆ, ಈ ಇಡೀ ವಿಷಯದಲ್ಲಿ ನನಗೆ ಮುಖ್ಯ ಅನ್ನಿಸುವುದು ಅದೇ. ಮೇಲಿನ ಲೆಕ್ಕವೆಲ್ಲ ನಾಲ್ಕೂ ಆಯ್ಕೆಗಳು ನಿಮ್ಮ ಕಣ್ಣಿಗೆ ಒಂದೇ ಥರ ಕಂಡಾಗ ಮಾತ್ರ ನಿಜ. ಆದರೆ ಅವು ಒಂದೇ ಥರ ಕಾಣುವುದಿಲ್ಲ. ತಪ್ಪು ಆಯ್ಕೆಗಳನ್ನು ಯಾರೂ ಬಾಯಿಗೆ ಬಂದಂತೆ ಬರೆದಿರುವುದಿಲ್ಲ. ವಿದ್ಯಾರ್ಥಿ ಎಲ್ಲಿ ಎಡವುತ್ತಾನೆ ಅಂತ ಗೊತ್ತಿರುವ ಮೇಷ್ಟ್ರು ಅದೇ ಜಾಗಕ್ಕೆ ಒಂದು ಆಯ್ಕೆ ಇಟ್ಟಿರುತ್ತಾರೆ.

ಉದಾಹರಣೆ ನೋಡಿ. ಒಂದು ಕಾರು ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗಿ, ಅದೇ ದಾರಿಯಲ್ಲಿ 60 ಕಿ.ಮೀ. ವೇಗದಲ್ಲಿ ವಾಪಸ್ ಬರುತ್ತದೆ. ಸರಾಸರಿ ವೇಗ ಎಷ್ಟು? ಆಯ್ಕೆಗಳು 45, 48, 50, 52. ಸರಿ ಉತ್ತರ 48. 120 ಕಿ.ಮೀ. ದಾರಿ ಅಂದುಕೊಳ್ಳಿ: ಹೋಗಲು 3 ಗಂಟೆ, ಬರಲು 2 ಗಂಟೆ, 240ನ್ನು 5ರಿಂದ ಭಾಗಿಸಿದರೆ 48. ಆದರೆ ಅರ್ಧ ಗೊತ್ತಿರುವವನ ಕಣ್ಣು ನೇರ 50ರ ಮೇಲೆ ಬೀಳುತ್ತದೆ, ಆ 50 ಅಲ್ಲಿರುವುದೇ ಅದಕ್ಕಾಗಿ. ವಿಷಯ ಏನೇನೂ ಗೊತ್ತಿಲ್ಲದೆ ಊಹಿಸಿದವನಿಗೆ ನಾಲ್ಕರಲ್ಲಿ ಒಂದು ಅವಕಾಶ ಇತ್ತು. ಅರ್ಧ ಗೊತ್ತಿದ್ದು 'ಇದೇ ಅನ್ನಿಸ್ತಿದೆ' ಅಂತ ಹಾಕಿದವನಿಗೆ ಅದೂ ಇಲ್ಲ.

ಆದ್ದರಿಂದ ಒಂದು ಆಯ್ಕೆಯನ್ನು ಹೊಡೆದು ಹಾಕಲು ಕಾರಣ ಬೇಕು. ಕಾರಣ ಅಂದರೆ ಏನು? ಪಕ್ಕದಲ್ಲಿ ಕೂತವರಿಗೆ ಒಂದು ವಾಕ್ಯದಲ್ಲಿ ಹೇಳಲು ಬರಬೇಕು: 'ಇದು ತಪ್ಪು, ಯಾಕೆಂದರೆ ಹೀಗೆ'. 'ಈ ಹೆಸರು ಎಲ್ಲೂ ಕೇಳಿಲ್ಲ' ಅನ್ನುವುದು ಕಾರಣ ಅಲ್ಲ. 'ಎಲ್ಲೋ ಓದಿದ ನೆನಪು' ಅನ್ನುವುದು ಆರಿಸಿಕೊಳ್ಳಲೂ ಕಾರಣ ಅಲ್ಲ. ಕೇಳಿದ ಹಾಗಿರುವ ಹೆಸರನ್ನೇ ತಾನೇ ತಪ್ಪು ಆಯ್ಕೆಗೆ ಬಳಸುವುದು.

ಲೆಕ್ಕದ ಪ್ರಶ್ನೆಗಳಲ್ಲಿ ನಾನು ಎಲ್ಲರಿಗೂ ಹೇಳುವುದು ಒಂದೇ: ಮೊದಲು ಆಯ್ಕೆಗಳನ್ನು ಕೈಯಿಂದ ಮುಚ್ಚಿ ಬಿಡಿಸಿ. ನಿಮ್ಮ ಉತ್ತರ ಬಂದ ಮೇಲೆ ಕೈ ತೆಗೆಯಿರಿ. ಆದರೆ ನಿಮ್ಮ ಉತ್ತರ ಆಯ್ಕೆಗಳಲ್ಲಿ ಸಿಕ್ಕಿದ ಮಾತ್ರಕ್ಕೆ ಸರಿ ಅಂದುಕೊಳ್ಳಬೇಡಿ, 50 ಕೂಡ ಸಿಕ್ಕಿತ್ತಲ್ಲ. ಪ್ರಶ್ನೆ ಕೇಳಿದ್ದು ತ್ರಿಜ್ಯವೋ ವ್ಯಾಸವೋ, ಮೀಟರೋ ಸೆಂಟಿಮೀಟರೋ ಅಂತ ಕೊನೆಯ ಸಾಲನ್ನು ಮತ್ತೊಮ್ಮೆ ಓದಿ. ತ್ರಿಜ್ಯ ಕೇಳಿದ್ದರೆ ವ್ಯಾಸವೂ ಒಂದು ಆಯ್ಕೆಯಾಗಿ ಕೂತಿರುತ್ತದೆ ಅಂತಲೇ ಇಟ್ಟುಕೊಳ್ಳಿ.

ಬಿಡಿಸಲು ದಾರಿ ಕಾಣದಿದ್ದರೆ ಆಗ ಆಯ್ಕೆಗಳೇ ದಾರಿ. ತಂದೆಯ ವಯಸ್ಸು ಮಗನ ನಾಲ್ಕು ಪಟ್ಟು, 5 ವರ್ಷದ ನಂತರ ಮೂರು ಪಟ್ಟು ಆಗುತ್ತದೆ, ಮಗನ ವಯಸ್ಸು ಎಷ್ಟು? ಆಯ್ಕೆಗಳು 8, 10, 12, 15. ಸಮೀಕರಣ ಹೊಳೆಯಲಿಲ್ಲ ಅನ್ನಿ. ನಡುವಿನ ಸಂಖ್ಯೆಯಿಂದ ಶುರು ಮಾಡಿ, 12 ಹಾಕಿ ನೋಡಿ. ತಂದೆ 48. ಐದು ವರ್ಷದ ನಂತರ 17 ಮತ್ತು 53. 17ರ ಮೂರು ಪಟ್ಟು 51, ತಂದೆ ಅದಕ್ಕಿಂತ ಜಾಸ್ತಿ ಆದರು. ಮಗನ ವಯಸ್ಸು ಇನ್ನೂ ಹೆಚ್ಚಿಸಿದರೆ ಈ ಅಂತರ ಇನ್ನೂ ಹೆಚ್ಚುತ್ತದೆ, ಹಾಗಾಗಿ 15 ಕೂಡ ಹೋಯಿತು. ಇನ್ನು 10 ನೋಡಿ: 40, ಆಮೇಲೆ 15 ಮತ್ತು 45. ಸರಿ ಹೋಯಿತು. ನಡುವಿನಿಂದ ಶುರು ಮಾಡಿದ್ದಕ್ಕೆ ಒಂದೇ ಏಟಿಗೆ ಎರಡು ಆಯ್ಕೆ ಹೋದವು.

ಭೌತಶಾಸ್ತ್ರದಲ್ಲಿ ಆಯ್ಕೆಗಳಾಗಿ ಸೂತ್ರಗಳನ್ನೇ ಕೊಟ್ಟಾಗ ಇದಕ್ಕಿಂತ ಒಳ್ಳೆಯ ಉಪಾಯ ಇದೆ. ರಾಟೆಯ ಮೇಲೆ ಹಗ್ಗ, ಎರಡು ಕಡೆ ಎರಡು ದ್ರವ್ಯರಾಶಿ, ಅವು ಚಲಿಸುವ ವೇಗೋತ್ಕರ್ಷ ಎಷ್ಟು ಅನ್ನುವ ಹಳೇ ಪ್ರಶ್ನೆ ಎಲ್ಲರಿಗೂ ಗೊತ್ತು. ಸೂತ್ರ ಮರೆತಿದೆ. ಆಗ ನಿಮ್ಮನ್ನೇ ಕೇಳಿಕೊಳ್ಳಿ: ಎರಡೂ ದ್ರವ್ಯರಾಶಿ ಸಮ ಇದ್ದರೆ ಏನಾಗಬೇಕು? ಹಗ್ಗ ಅಲುಗಾಡಬಾರದು, ಅಂದರೆ ಉತ್ತರ ಸೊನ್ನೆ ಬರಬೇಕು. ಹಾಗಾಗಿ ಮೇಲುಗಡೆ ವ್ಯತ್ಯಾಸ ಇಲ್ಲದೆ ಮೊತ್ತವೋ ಗುಣಲಬ್ಧವೋ ಇರುವ ಸೂತ್ರಗಳೆಲ್ಲ ಹೋದವು. ಒಂದು ಕಡೆ ಏನೂ ಇಲ್ಲದಿದ್ದರೆ? ಇನ್ನೊಂದು ಕಡೆಯದು ಸೀದಾ ಕೆಳಗೆ ಬೀಳಬೇಕು, ಗುರುತ್ವ ವೇಗೋತ್ಕರ್ಷವೇ ಉತ್ತರ ಆಗಬೇಕು. ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದ ಸೂತ್ರದಲ್ಲಿ ಯಾವ ಕಡೆ ಸೊನ್ನೆ ಇಟ್ಟರೂ ಹಾಗೇ ಆಗುತ್ತದೆ. ವ್ಯತ್ಯಾಸವನ್ನು ಒಂದೇ ಕಡೆಯ ದ್ರವ್ಯರಾಶಿಯಿಂದ ಭಾಗಿಸಿದ ಸೂತ್ರ, ಆ ಕಡೆ ಸೊನ್ನೆ ಇಟ್ಟ ಕೂಡಲೇ ಅನಂತಕ್ಕೆ ಹಾರಿಬಿಡುತ್ತದೆ. ಸೂತ್ರ ನೆನಪಿಲ್ಲದೆಯೇ ಉತ್ತರ ಸಿಕ್ಕಿತು. ಇದರ ಜೊತೆಗೆ ಆಯಾಮ ನೋಡುವ ಅಭ್ಯಾಸವೂ ಇರಲಿ. ವೇಗೋತ್ಕರ್ಷ ಕೇಳಿದಾಗ ಬಲದ ಆಯಾಮ ಇರುವ ಆಯ್ಕೆಯನ್ನು ಓದುವುದಕ್ಕೂ ಸಮಯ ಹಾಳು ಮಾಡಬಾರದು. ಇದನ್ನು ಕೆಲವರು ಕಳ್ಳದಾರಿ ಅನ್ನುತ್ತಾರೆ. ನನ್ನ ಪ್ರಕಾರ ಹೀಗೆ ಪರೀಕ್ಷಿಸಿ ನೋಡಲು ಬರುವವನಿಗೆ ಸೂತ್ರ ಬಾಯಿಪಾಠ ಮಾಡಿದವನಿಗಿಂತ ಭೌತಶಾಸ್ತ್ರ ಜಾಸ್ತಿ ಗೊತ್ತು.

ಇನ್ನು ಕೆಎಎಸ್, ಯುಪಿಎಸ್‌ಸಿ ಕಡೆಗೆ ಬರೋಣ. ಅಲ್ಲಿ ಹೇಳಿಕೆಗಳ ಆಟ. ಹೀಗೊಂದು ಪ್ರಶ್ನೆ ಇದೆ ಅನ್ನಿ. ಹೇಳಿಕೆ 1: ಶರಾವತಿ ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರ ಸೇರುತ್ತದೆ. ಹೇಳಿಕೆ 2: ತುಂಗಭದ್ರಾ ಕಾವೇರಿಯ ಉಪನದಿ. ಹೇಳಿಕೆ 3: ಹೇಮಾವತಿ ಕಾವೇರಿಯ ಉಪನದಿ. ಆಯ್ಕೆಗಳು: ಎ, 1 ಮತ್ತು 2 ಮಾತ್ರ; ಬಿ, 2 ಮತ್ತು 3 ಮಾತ್ರ; ಸಿ, 1 ಮತ್ತು 3 ಮಾತ್ರ; ಡಿ, ಮೂರೂ ಸರಿ. ತುಂಗಭದ್ರಾ ಸೇರುವುದು ಕೃಷ್ಣೆಯನ್ನು ಅನ್ನುವ ಒಂದೇ ವಿಷಯ ಗೊತ್ತಿದ್ದರೆ ಸಾಕು. 2 ಇರುವ ಎ, ಬಿ, ಡಿ ಮೂರೂ ಹೋದವು. ಹೇಮಾವತಿ, ಶರಾವತಿ ಬಗ್ಗೆ ಯೋಚಿಸುವ ಅಗತ್ಯವೇ ಬರಲಿಲ್ಲ. ಅದಕ್ಕೇ ಹೇಳಿಕೆಗಳನ್ನು 1, 2, 3 ಅಂತ ಕ್ರಮವಾಗಿ ಓದಿ ತೀರ್ಮಾನ ಮಾಡುತ್ತಾ ಹೋಗಬೇಡಿ. ಯಾವುದರ ಬಗ್ಗೆ ಪೂರ್ತಿ ಖಚಿತ ಇದೆಯೋ ಅದನ್ನು ಹಿಡಿದು ಆಯ್ಕೆಗಳಿಗೆ ಹೋಗಿ.

ಈ ಉಪಾಯವನ್ನೇ ನೆಚ್ಚಿಕೊಂಡವರಿಗೆ ಯುಪಿಎಸ್‌ಸಿ 2023ರಲ್ಲಿ ಸರಿಯಾದ ಏಟು ಕೊಟ್ಟಿತು. ಆ ವರ್ಷ ತುಂಬಾ ಪ್ರಶ್ನೆಗಳಲ್ಲಿ 'ಮೇಲಿನವುಗಳಲ್ಲಿ ಎಷ್ಟು ಹೇಳಿಕೆಗಳು ಸರಿ' ಅಂತ ಕೇಳಿದರು. ಆಯ್ಕೆಗಳು: ಒಂದು ಮಾತ್ರ, ಎರಡು ಮಾತ್ರ, ಮೂರೂ, ಯಾವುದೂ ಅಲ್ಲ. ನಮ್ಮ ನದಿಗಳ ಪ್ರಶ್ನೆಯನ್ನೇ ಹೀಗೆ ತಿರುಗಿಸಿ ನೋಡಿ. ತುಂಗಭದ್ರಾ ಹೇಳಿಕೆ ತಪ್ಪು ಅಂತ ಗೊತ್ತು. ಅದರಿಂದ ಹೋಗುವುದು 'ಮೂರೂ' ಒಂದೇ. ಶರಾವತಿಯದು ಸರಿ ಅಂತಲೂ ಗೊತ್ತಿದ್ದರೆ 'ಯಾವುದೂ ಅಲ್ಲ' ಹೋಗುತ್ತದೆ. ಇನ್ನೂ ಎರಡು ಉಳಿದವು! ಹೇಮಾವತಿಯೂ ಗೊತ್ತಿದ್ದರೆ ಮಾತ್ರ ಉತ್ತರ ಖಚಿತ. ಹಾಗಂತ ಕೈಬಿಡಬೇಕಿಲ್ಲ. ಮೂರರಲ್ಲಿ ಎರಡು ಹೇಳಿಕೆ ಖಚಿತ ಇದ್ದರೆ ಸಾಮಾನ್ಯವಾಗಿ ನೀವು ಫಿಫ್ಟಿ-ಫಿಫ್ಟಿಯಲ್ಲಿ ಇರುತ್ತೀರಿ, ಮೇಲಿನ ಲೆಕ್ಕದ ಪ್ರಕಾರ ಹಾಕುವುದೇ ಲಾಭ. ಒಂದೇ ಖಚಿತ ಇದ್ದರೆ ಮೂರು ಆಯ್ಕೆ ಉಳಿದಿರುತ್ತವೆ. ಆಗಲೂ ಲೆಕ್ಕ ಸ್ವಲ್ಪ ನಿಮ್ಮ ಕಡೆಯೇ ಇದೆ, ಆದರೆ ಇಂಥವನ್ನು ಕೊನೆಯ ರೌಂಡ್‌ಗೆ ಇಡಿ.

'ಮಾತ್ರ', 'ಎಲ್ಲಾ', 'ಎಂದಿಗೂ' ಅನ್ನುವ ಕಟ್ಟುನಿಟ್ಟಿನ ಪದ ಕಂಡರೆ ಹೇಳಿಕೆ ತಪ್ಪು ಅಂತ ಕೋಚಿಂಗ್‌ನಲ್ಲಿ ಹೇಳಿಕೊಡುತ್ತಾರೆ. ವಿಜ್ಞಾನದಲ್ಲಿ, ಪರಿಸರದಲ್ಲಿ ಇದು ಅಷ್ಟಿಷ್ಟು ಕೆಲಸ ಮಾಡುತ್ತದೆ, ಯಾಕೆಂದರೆ ಅಲ್ಲಿ ಅಪವಾದಗಳು ಜಾಸ್ತಿ. ಸಂವಿಧಾನದ ಪ್ರಶ್ನೆಗೆ ಇದನ್ನು ಹಚ್ಚಿದರೆ ಕೆಟ್ಟಿರಿ. ಮನಿ ಬಿಲ್ ಅನ್ನು ಲೋಕಸಭೆಯಲ್ಲಿ ಮಾತ್ರ ಮಂಡಿಸಬಹುದು, ರಾಜ್ಯಸಭೆಯಲ್ಲಿ ಅಲ್ಲ. ಇಲ್ಲಿ 'ಮಾತ್ರ' ಇದ್ದೂ ಹೇಳಿಕೆ ನೂರಕ್ಕೆ ನೂರು ಸರಿ. ಕಾನೂನು ಬರೆಯುವುದೇ ಇಂಥ ಪದಗಳಲ್ಲಿ.

ಪ್ರತಿಪಾದನೆ ಮತ್ತು ಕಾರಣದ ಪ್ರಶ್ನೆಗಳಲ್ಲಿ ಜನ ಬೀಳುವ ಜಾಗ ಒಂದೇ: ಎರಡೂ ಸರಿ ಅಂತ ಗೊತ್ತಾದ ಕೂಡಲೇ ಎ, ಅಂದರೆ 'ಎರಡೂ ಸರಿ, ಕಾರಣವೇ ಪ್ರತಿಪಾದನೆಗೆ ವಿವರಣೆ' ಅನ್ನುವ ಆಯ್ಕೆಗೆ ಗುರುತು ಹಾಕಿ ಮುಂದೆ ಹೋಗುವುದು. ನಡುವೆ 'ಯಾಕೆಂದರೆ' ಸೇರಿಸಿ ಮನಸ್ಸಿನಲ್ಲೇ ಓದಿ. 'ಚಿತ್ರದುರ್ಗದಲ್ಲಿ ಮಳೆ ಕಡಿಮೆ, ಯಾಕೆಂದರೆ ಪಶ್ಚಿಮ ಘಟ್ಟದಲ್ಲಿ ಜೀವವೈವಿಧ್ಯ ಹೆಚ್ಚು.' ಎರಡೂ ನಿಜ, ಒಟ್ಟಿಗೆ ಓದಿದರೆ ನಗು ಬರುತ್ತದೆ. ಕಾರಣದ ಜಾಗದಲ್ಲಿ 'ಅದು ಘಟ್ಟದ ಮಳೆನೆರಳಿನ ಭಾಗದಲ್ಲಿದೆ' ಅಂತ ಇದ್ದರೆ ಸರಿ ಹೊಂದುತ್ತದೆ.

ಎರಡು ಆಯ್ಕೆಗಳ ಅರ್ಥ ಒಂದೇ ಆಗಿದ್ದರೆ, ಉತ್ತರ ಒಂದೇ ಇರುವ ಪರೀಕ್ಷೆಯಲ್ಲಿ ಅವೆರಡೂ ತಪ್ಪು. ಇದು ಊಹೆ ಅಲ್ಲ, ತರ್ಕ. ಅದೇ ದೂರಕ್ಕೆ 'ಸರಾಸರಿ ವೇಗ ಹೆಚ್ಚುತ್ತದೆ' ಮತ್ತು 'ಹಿಡಿಯುವ ಸಮಯ ಕಡಿಮೆಯಾಗುತ್ತದೆ' ಎರಡೂ ಇದ್ದರೆ ಎರಡನ್ನೂ ಹೊಡೆದು ಹಾಕಿ. ಉದ್ದವಾಗಿರುವ ಆಯ್ಕೆಯೇ ಸರಿ, ನಡುವಿನ ಸಂಖ್ಯೆಯೇ ಸರಿ ಅನ್ನುವ ಮಾತುಗಳಿಗೆ ಮಾತ್ರ ಇಂಥ ಆಧಾರ ಇಲ್ಲ. ಹಾಗಿದ್ದರೆ ಆ ಸಿ ಸಲಹೆ ಎಲ್ಲಿಂದ ಬಂತು? ಪೂರ್ತಿ ಗಾಳಿಯಿಂದ ಬಂದದ್ದಲ್ಲ. ಪ್ರಶ್ನೆ ಬರೆಯುವವರು ಸರಿ ಉತ್ತರವನ್ನು ನಡುವಿನ ಜಾಗಗಳಲ್ಲಿ ಅಡಗಿಸಿಡಲು ಇಷ್ಟಪಡುತ್ತಾರೆ, ಊಹಿಸುವವರೂ ನಡುವೆಯೇ ಹುಡುಕುತ್ತಾರೆ ಅಂತ ಸಂಶೋಧಕರಾದ ಯಿಗಾಲ್ ಅತ್ತಾಲಿ ಮತ್ತು ಮಾಯಾ ಬಾರ್-ಹಿಲ್ಲೆಲ್ 2003ರಲ್ಲಿ ತೋರಿಸಿದರು. ಆದರೆ ಉತ್ತರಗಳನ್ನು ಎ, ಬಿ, ಸಿ, ಡಿಗಳಲ್ಲಿ ಸಮನಾಗಿ ಹಂಚಿಟ್ಟ ಪರೀಕ್ಷೆಯಲ್ಲಿ ಆ ಒಲವಿಗೆ ಬೆಲೆ ಇಲ್ಲ. ಸಿಇಟಿಯಲ್ಲಿ ಕೊನೆಗೆ ಉಳಿದ ಆರು ಪ್ರಶ್ನೆಗೆ ಎಲ್ಲಕ್ಕೂ ಒಂದೇ ಅಕ್ಷರ ಹಾಕಿ, ಅದು ಯಾವುದಾದರೂ ಆಗಲಿ. ಲಾಭ ಇರುವುದು ಸಮಯದಲ್ಲಿ: ಆರು ಸಲ ಯೋಚಿಸುವ ಕೆಲಸ ತಪ್ಪಿತು.

'ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ' ಅನ್ನುವ ಪ್ರಶ್ನೆಗೆ ಸರಿ ಇರುವ ಮೊದಲ ಆಯ್ಕೆಯನ್ನೇ ಗುರುತು ಮಾಡಿ ಬರುವುದು ಗೊತ್ತಿದ್ದೂ ಕಳೆದುಕೊಳ್ಳುವ ಅಂಕ. ಆ 'ಅಲ್ಲ'ಕ್ಕೆ ಪೆನ್ನಿನಿಂದ ಸುತ್ತು ಹಾಕಿ. ಪ್ರತಿ ಆಯ್ಕೆಯ ಮುಂದೆ ಸರಿ, ತಪ್ಪು ಅಂತ ಗುರುತು ಮಾಡಿದರೆ ಬೇರೆಯಾಗಿ ನಿಂತದ್ದೇ ಉತ್ತರ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕೆಲಸ ಇದೆ. 2024ರ ಆಗಸ್ಟ್ 27ರಂದು ನಡೆದ ಕೆಪಿಎಸ್‌ಸಿ ಗೆಜೆಟೆಡ್ ಪ್ರೊಬೇಷನರ್ (ಕೆಎಎಸ್) ಪ್ರಿಲಿಮ್ಸ್‌ನಲ್ಲಿ ಅನುವಾದದ ತಪ್ಪುಗಳು ಎಷ್ಟಿದ್ದವೆಂದರೆ ಡಿಸೆಂಬರ್ 29ರಂದು ಮರುಪರೀಕ್ಷೆ ಮಾಡಬೇಕಾಯಿತು. ನೀಟ್‌ನಲ್ಲೂ ಅನುವಾದದ ಬಗ್ಗೆ ಗೊಂದಲ ಬಂದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ ಅನ್ನುವುದು ನಿಯಮ. ಕನ್ನಡದಲ್ಲಿ ಪ್ರಶ್ನೆ ಅರ್ಥ ಆಗದಿದ್ದರೆ, ಅಥವಾ ನಾಲ್ಕೂ ಆಯ್ಕೆ ತಪ್ಪು ಅನ್ನಿಸಿದರೆ, ತಲೆ ಕೆಡಿಸಿಕೊಳ್ಳುವ ಮೊದಲು ಇಂಗ್ಲಿಷ್ ಸಾಲನ್ನು ಒಮ್ಮೆ ನೋಡಿ. ಹೀಗೆ ಮಾಡಬೇಕಾಗಿ ಬಂದಿರುವುದು ಬೇಸರದ ಸಂಗತಿ, ಆದರೆ ಹಾಲ್‌ನಲ್ಲಿ ಕೂತಾಗ ಬೇಸರಕ್ಕಿಂತ ಅಂಕ ಮುಖ್ಯ.

ಮೊದಲು ಹೊಳೆದ ಉತ್ತರವನ್ನು ಬದಲಾಯಿಸಬೇಡ ಅನ್ನುವುದು ಮನೆಮನೆಯ ಮಾತು. ಜಸ್ಟಿನ್ ಕ್ರೂಗರ್ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ 1,500ಕ್ಕೂ ಹೆಚ್ಚು ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಅಳಿಸಿದ ಗುರುತುಗಳನ್ನು ಎಣಿಸಿದರು. ಬದಲಾವಣೆಗಳಲ್ಲಿ ಶೇ 51 ತಪ್ಪಿನಿಂದ ಸರಿಗೆ, ಶೇ 25 ಮಾತ್ರ ಸರಿಯಿಂದ ತಪ್ಪಿಗೆ. ಆದರೂ ನಮಗೆ ಹಾಗನ್ನಿಸುವುದಿಲ್ಲ, ಯಾಕೆಂದರೆ ಬದಲಾಯಿಸಿ ಕಳೆದುಕೊಂಡದ್ದು ವರ್ಷಗಟ್ಟಲೆ ಚುಚ್ಚುತ್ತದೆ, ಬದಲಾಯಿಸಿ ಗಳಿಸಿದ್ದು ಮರುದಿನವೇ ಮರೆತುಹೋಗುತ್ತದೆ. ಹಾಗಂತ ಹೆದರಿ ಬದಲಾಯಿಸಬೇಡಿ. ಹೊಸ ಕಾರಣ ಸಿಕ್ಕರೆ ಬದಲಾಯಿಸಿ.

ತೊಂದರೆ ಏನೆಂದರೆ ಸಿಇಟಿ, ನೀಟ್‌ನಲ್ಲಿ ಓಎಂಆರ್ ಹಾಳೆ, ಬಾಲ್‌ಪೆನ್. ತುಂಬಿದ ಮೇಲೆ ಅಳಿಸಲು ಆಗುವುದಿಲ್ಲ. ಆದ್ದರಿಂದ ಮನಸ್ಸು ಬದಲಾಯಿಸುವ ಕೆಲಸವೆಲ್ಲ ಪ್ರಶ್ನೆಪತ್ರಿಕೆಯ ಮೇಲೆಯೇ ಮುಗಿಯಬೇಕು. ಮೊದಲ ರೌಂಡ್‌ನಲ್ಲಿ ಖಚಿತ ಇರುವವನ್ನು ಮಾತ್ರ ತುಂಬಿ. ಉಳಿದವಕ್ಕೆ ಪ್ರಶ್ನೆಯ ಪಕ್ಕದಲ್ಲಿ, ಹೊಡೆದು ಹಾಕಿದ ಆಯ್ಕೆಗಳಿಗೆ ಅಡ್ಡಗೆರೆ ಎಳೆದು ಮುಂದೆ ಹೋಗಿ, ವಾಪಸ್ ಬಂದಾಗ ಮತ್ತೆ ಮೊದಲಿನಿಂದ ಯೋಚಿಸಬೇಕಾಗುವುದಿಲ್ಲ. ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಸಾಲು ತಪ್ಪುವ ಅಪಾಯ ಜಾಸ್ತಿ, 37 ಬಿಟ್ಟು 38ರ ಉತ್ತರವನ್ನು 37ಕ್ಕೆ ತುಂಬಿದರೆ ಅಲ್ಲಿಂದ ಮುಂದೆ ಎಲ್ಲವೂ ಸಾಲಾಗಿ ತಪ್ಪು. ತುಂಬುವ ಮುನ್ನ ಪ್ರಶ್ನೆ ಸಂಖ್ಯೆಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ಜೆಇಇ ಮೇನ್ ಕಂಪ್ಯೂಟರ್‌ನಲ್ಲಿ ನಡೆಯುವುದರಿಂದ ಈ ಕಷ್ಟ ಇಲ್ಲ, ಆದರೆ ಅಲ್ಲಿ ಉತ್ತರ ಆರಿಸಿ 'ಮತ್ತೆ ನೋಡಲು' ಅಂತ ಗುರುತು ಮಾಡಿಟ್ಟ ಪ್ರಶ್ನೆಯೂ ಮೌಲ್ಯಮಾಪನಕ್ಕೆ ಸೇರುತ್ತದೆ. ಹಾಕುವ ಮನಸ್ಸಿಲ್ಲದಿದ್ದರೆ ಆಯ್ಕೆಯನ್ನು ತೆಗೆದೇ ಬರಬೇಕು.

ಇನ್ನು ನಿಮ್ಮ ಊಹೆ ಎಷ್ಟು ನಂಬಿಕೆಗೆ ಯೋಗ್ಯ ಅನ್ನುವುದು. ಇದನ್ನು ಯಾವ ಲೇಖನವೂ ಹೇಳಲು ಆಗುವುದಿಲ್ಲ, ನಿಮ್ಮ ಮಾಕ್ ಟೆಸ್ಟ್‌ಗಳೇ ಹೇಳಬೇಕು. ಪ್ರತಿ ಉತ್ತರದ ಪಕ್ಕ ಒಂದು ಗುರುತು ಹಾಕಿ: ಖಚಿತ, ಎರಡರಲ್ಲಿ ಒಂದು, ಮೂರರಲ್ಲಿ ಒಂದು, ಕುರುಡು. ಕೀ ಉತ್ತರ ನೋಡುವಾಗ ಒಟ್ಟು ಅಂಕದ ಜೊತೆಗೆ ಪ್ರತಿ ಗುಂಪಿನಲ್ಲಿ ಎಷ್ಟು ಸರಿ ಬಂತು ಅಂತ ಬೇರೆ ಬೇರೆಯಾಗಿ ಎಣಿಸಿ. ನಾಲ್ಕೈದು ಟೆಸ್ಟ್ ಒಟ್ಟುಗೂಡಿಸಿ ನೋಡಿ, ಒಂದರಿಂದ ಏನೂ ಗೊತ್ತಾಗುವುದಿಲ್ಲ. ನೀಟ್‌ನಲ್ಲಿ ಯಾವುದೇ ಗುಂಪು ಶೇ 20ಕ್ಕಿಂತ ಹೆಚ್ಚು ಸರಿ ಬಂದರೆ ಹಾಕುವುದು ಲಾಭ, ಯುಪಿಎಸ್‌ಸಿಯಲ್ಲಿ ಆ ಗೆರೆ ಶೇ 25. 'ಎರಡರಲ್ಲಿ ಒಂದು' ಗುಂಪಿನಲ್ಲಿ ಅರ್ಧದಷ್ಟು ಸರಿ ಬರಬೇಕು. ಮೂರನೇ ಒಂದು ಭಾಗ ಮಾತ್ರ ಬರುತ್ತಿದ್ದರೆ ನೀವು ಹೊಡೆದು ಹಾಕುತ್ತಿರುವ ಆಯ್ಕೆಗಳಲ್ಲೇ ಸರಿ ಉತ್ತರ ಸೇರಿಹೋಗುತ್ತಿದೆ. ಹಾಕುವುದು ಆಗಲೂ ನಷ್ಟ ಅಲ್ಲ, ಆದರೆ ಆ ಪ್ರಶ್ನೆಗಳ ಪಟ್ಟಿ ಮಾಡಿ ಯಾವ ವಿಷಯದವು ಅಂತ ನೋಡಿ. ಎಲ್ಲ ವಿಷಯಗಳಲ್ಲೂ ಹರಡಿರುವುದಕ್ಕಿಂತ ಒಂದೆರಡು ಅಧ್ಯಾಯಗಳಲ್ಲೇ ಗುಂಪುಗೂಡಿರುವ ಸಾಧ್ಯತೆ ಹೆಚ್ಚು. ಮುಂದಿನ ವಾರ ಪುಸ್ತಕ ತೆರೆಯಬೇಕಾದ್ದು ಅಲ್ಲಿಂದ.